ಎಡಮುರಿ

ಹಗ್ಗ ಸುತ್ತುವುದು ನನ್ನ ಕೆಲಸ. ಬೈತಕೋಲದ ಧಕ್ಕೆಯಲ್ಲಿ,
ಪರ್ಸೀನ್ ಬೋಟಿನ ಹಿಂಬದಿಯಲ್ಲಿ ಕೂತು.
ಬಲಮುರಿಯ ಹಗ್ಗವನ್ನು ಬಲಕ್ಕೇ ಸುತ್ತಬೇಕು.
ಹಟ ಮಾಡಿ ಎಡಕ್ಕೆ ಸುತ್ತಿದರೆ
ಒಂದು ದಿನ, ಬಲೆ ಭಾರವಾದ ಹೊತ್ತಿಗೇ ಸರಿಯಾಗಿ,
ತನ್ನ ಕುತ್ತಿಗೆ ತಾನೇ ಹಿಸುಕಿಕೊಳ್ಳುತ್ತದೆ.
ಇಷ್ಟು ಗೊತ್ತಿತ್ತು ನನಗೆ, ಹಗ್ಗದ ವಿಷಯದಲ್ಲಿ.

ಮಗು ಹುಟ್ಟಿ ಒಂಬತ್ತು ದಿನ. ಬಾರಸೆಗೆ ಇನ್ನೂ ಮೂರು.
ಹಾಲು ಕಕ್ಕಿತು. ಕಕ್ಕದ ಕೂಸು ಯಾವುದು ಎಂದರು.
ಆಮೇಲೆ ಹಸಿರು ಕಕ್ಕಿತು.
ಅವ್ವ ಬಜೆ ತೇಯ್ದಳು. ಮೆಣಸು ನಿವಾಳಿಸಿ ಒಲೆಗೆ ಹಾಕಿ,
ಘಾಟೇ ಬರಲಿಲ್ಲ ನೋಡು, ದೃಷ್ಟಿಯೇ, ಎಂದಳು.

ಅಪೊಲೀನ್ ಸಿಸ್ಟರ್ ಒಬ್ಬಳೇ ಕೇಳಿದ್ದು:
ಹಸಿರು ಅಂದರೆ ಯಾವ ಹಸಿರು?
ಶೇವಂತಿ ಮಾತಾಡದೆ ಸೆರಗು ಬಿಡಿಸಿ ಹಿಡಿದಳು.
ನೀರಿಳಿದಾಗ ಧಕ್ಕೆಯ ಕಂಬದಲ್ಲಿ ಕಾಣುವ ಪಾಚಿ, ಅಂಥದು.
ಸಿಸ್ಟರ್ ಮತ್ತೇನೂ ಕೇಳಲಿಲ್ಲ. ಫೋನು ಎತ್ತಿದಳು.

ಇಷ್ಟು ಸಣ್ಣ ಹೊಟ್ಟೆ ಕೊಯ್ಯುವವರು ಇಲ್ಲಿಲ್ಲ ಎಂದರು.
ರಾತ್ರಿ ಕಾಳಿ ದಾಟಿದೆವು, ಮಾಜಾಳಿಯ ಗೇಟು ದಾಟಿದೆವು,
ಆಂಬ್ಯುಲೆನ್ಸಿನಲ್ಲಿ ಶೇವಂತಿಯ ರವಿಕೆ ಎರಡೂ ಕಡೆ ಒದ್ದೆ,
ಕುಡಿಯಬೇಕಾದ ಬಾಯಿಗೆ ಹಾಲಿಲ್ಲ, ಮೂಗಿನಲ್ಲಿ ನಳಿಗೆ.
ಕರುಳು ಚುರುಕ್ ಅಂತು, ಕರುಳು ಕಿತ್ತು ಬಂತು
ಎಂದೆಲ್ಲ ಎಷ್ಟು ಸಲ ಹೇಳಿದ್ದೇನೋ, ಮೀನು ಮಾರುವಾಗ ಕೂಡ.
ಆ ರಾತ್ರಿ ಆ ಪದ ನನ್ನ ಬಾಯಿಗೆ ಬರಲಿಲ್ಲ.

ಡಾಕ್ಟರ್ ಬಾಯಿ ಫಾರ್ಮಿನ ಹಿಂದೆ ಪೆನ್ನಿನಿಂದ ಬರೆದರು.
ಬಸಿರಿನ ಆರಂಭದಲ್ಲಿ ಕರುಳು ಹೊಟ್ಟೆ ಬಿಟ್ಟು
ಹೊಕ್ಕುಳಬಳ್ಳಿಯೊಳಗೆ ಹೋಗುತ್ತದಂತೆ, ಒಳಗೆ ಜಾಗವಿಲ್ಲದೆ.
ಎಡಕ್ಕೆ ತಿರುಗುತ್ತ, ಮುಕ್ಕಾಲು ಸುತ್ತು, ಮರಳಿ ಬರುತ್ತದಂತೆ.
ಇವಳದು ನಡುದಾರಿಯಲ್ಲಿ ನಿಂತುಬಿಟ್ಟಿದೆ.
ಎರಡು ಕಡೆ ಬಿಗಿಯಬೇಕಾದದ್ದು ಒಂದೇ ಕಡೆ ನೇತಾಡುತ್ತಿದೆ.
ಒಂದೇ ಹಗ್ಗದ ದೋಣಿ, ಎಂದೆ.
ಹಾಂ, ಅದೇ. ಈಗ ಗಿರಕಿ ಹೊಡೆದಿದೆ, ಬಲಕ್ಕೆ.
ಸಹಿ ಮಾಡಿ.

ಮಾಡಿದೆ. ಹೆಸರಿನ ಜಾಗದಲ್ಲಿ ‘ಶೇವಂತಿಯ ಕೂಸು’ ಎಂದಿತ್ತು.

ಒಳಗೆ ನಡೆದದ್ದನ್ನು ಆಮೇಲೆ ಹೇಳಿದರು.
ಎಡಕ್ಕೆ ಬಿಡಿಸಿದೆ. ಇನ್ನೊಮ್ಮೆ ಎಡಕ್ಕೆ.
ನೇರಳೆ ಬಣ್ಣಕ್ಕೆ ತಿರುಗಿತ್ತು. ಬಿಸಿ ಉಪ್ಪುನೀರಿನ ಬಟ್ಟೆ ಹೊದಿಸಿ
ಸುಮ್ಮನೆ ನಿಂತೆವು, ಗಡಿಯಾರ ನೋಡುತ್ತ,
ಯಾರೂ ಮಾತಾಡದೆ.
ಹತ್ತು ನಿಮಿಷಕ್ಕೆ ಬಟ್ಟೆ ಎತ್ತಿದರೆ ಕೆಂಪು.
ಅಡ್ಡ ಬಿದ್ದ ಪೊರೆಗಳನ್ನು ಕತ್ತರಿಸಿ, ಬುಡ ಅಗಲಿಸಿ,
ಸಣ್ಣದನ್ನೆಲ್ಲ ಬಲಕ್ಕೆ, ದೊಡ್ಡದನ್ನೆಲ್ಲ ಎಡಕ್ಕೆ ಇಟ್ಟೆವು.

ಅಂದರೆ ಸರಿ ಜಾಗಕ್ಕೆ?

ಇಲ್ಲ, ಎಂದರು. ಸರಿ ಜಾಗ ಇವಳಿಗೆ ಇಲ್ಲ.
ಮತ್ತೆ ತಿರುಚಿಕೊಳ್ಳದ ಹಾಗೆ ಇಟ್ಟಿದ್ದೇವೆ, ಅಷ್ಟೇ.
ಅಪೆಂಡಿಕ್ಸ್ ತೆಗೆದಿದ್ದೇವೆ, ಎಡಗಡೆ ಯಾರೂ ಹುಡುಕುವುದಿಲ್ಲವಲ್ಲ.
ಈ ಕಾಗದ ಕಳೆಯಬೇಡಿ.

ಕಳೆದಿಲ್ಲ. ಬೋಟಿನ ಲೈಸೆನ್ಸಿನ ಜೊತೆ
ಅದೇ ಪ್ಲಾಸ್ಟಿಕ್ಕಿನಲ್ಲಿ ಇದೆ.

ವೈಜುಗೆ ಈಗ ಹನ್ನೊಂದು, ಆರನೇ ಕ್ಲಾಸು.
ಬಂಗಡೆಯ ಮುಳ್ಳನ್ನೂ ಬಿಡುವುದಿಲ್ಲ.
ನಿನ್ನೆ ವಿಜ್ಞಾನದ ಪಟ್ಟಿ ತಂದು ತೊಡೆಯ ಮೇಲಿಟ್ಟಳು.
ಜೀರ್ಣಾಂಗಗಳ ಚಿತ್ರ. ಪೆನ್ಸಿಲ್ಲಿನಲ್ಲಿ, ನೀಟಾಗಿ,
ಸಣ್ಣ ಕರುಳೆಲ್ಲ ಒಂದು ಕಡೆ, ದೊಡ್ಡ ಕರುಳೆಲ್ಲ ಇನ್ನೊಂದು ಕಡೆ.
ಟೀಚರ್ ಅಡ್ಡಗೀಟು ಹೊಡೆದಿದ್ದಾರೆ ಕೆಂಪಿನಲ್ಲಿ:
ಪುಸ್ತಕ ನೋಡಿ ಮತ್ತೆ ಬರೆ.
ಕೆಳಗೆ, ಪೋಷಕರ ಸಹಿ.

ಕೈಯಲ್ಲಿ ಡಾಂಬರಿತ್ತು. ಲುಂಗಿಗೆ ಒರೆಸಿಕೊಂಡು,
ಆ ಚಿತ್ರದ ಕೆಳಗೆ
ಸಹಿ ಹಾಕಿದೆ.