ಗಂಟಿಲ್ಲದ ಬೇರು

ಹನ್ನೊಂದನೇ ಮಹಡಿಯ ಇನ್ಶೂರೆನ್ಸ್ ಆಫೀಸಿನಾಗ
ಛತ್ತು ಸೋರಲತ್ತದ, ಲಗೂನ ಬಾ ಅಂತ ಫೋನು.
ಮುಂಜಾನಿ ಒಂದು ಬೋರ್ ರಿಪೇರಿಗಿ ಹೋಗಿದ್ದೆ,
ಚಪ್ಪಲಿಗಿ ಮೆತ್ತಿದ ಎರಿ ಇನ್ನೂ ಹಸಿ.
ಕಲಬುರಗಿ ರಿಂಗ್ ರೋಡಿನ ಹೊಸಾ ಕಟ್ಟಡ.
ಕೆಳಗ ಶಹಾಬಾದ ಕಲ್ಲು, ಮ್ಯಾಲೆಲ್ಲ ಕನ್ನಡಿ,
ಹೊರಗ ನಲವತ್ಮೂರು ಡಿಗ್ರಿ.

ಫಾಲ್ಸ್ ಸೀಲಿಂಗ್ ಬಿಚ್ಚಿದೆ.
ಪಾಲಿಸಿ ಫೈಲಿನ ಮ್ಯಾಲ ತೊಟ್ಟು ತೊಟ್ಟು ನೀರು,
ತುಸು ಹಸರು, ತುಸು ಔಷಧದ ವಾಸನಿ.
"ಮ್ಯಾಲ ಏನದ?"
"ಹೊಲ" ಅಂದ ಪ್ಯೂನ್. ನಗಲಿಲ್ಲ.

ಖರೇನ ಹೊಲ.
ಕಪಾಟಿನ ಮ್ಯಾಲ ಕಪಾಟು,
ಪೈಪಿನಾಗ ಪಾಲಕ, ಪೈಪಿನಾಗ ಮೆಂತ್ಯ,
ನಾಲಿಗಿ ಹೊರಳದ ಹೆಸರಿನ ಇನ್ನೇನೋ ಸೊಪ್ಪು,
ಹಗಲೂ ಅಲ್ಲ, ರಾತ್ರಿನೂ ಅಲ್ಲ,
ಬದನಿಕಾಯಿ ಬಣ್ಣದ ಬೆಳಕು.
ಮಣ್ಣು? ಒಂದು ಚಿಟಿಕಿ ಇಲ್ಲ.
ಬಾಗಲದಾಗ ಚಪ್ಪಲಿ ಬಿಡಿಸಿ
ಕಾಲಿಗಿ ಪ್ಲಾಸ್ಟಿಕ್ ಚೀಲ ತೊಡಿಸಿದರು.

ಪೈಪು ಕೊಯ್ದೆ.
ಇಪ್ಪತ್ತು ವರ್ಷದಾಗ ಏನೇನ್ ತೆಗೆದಿಲ್ಲ ನಾ:
ಕೂದಲು, ಕಾಲುಂಗುರ,
ಒಂದು ಸಲ ಯಾರದೋ ಹಲ್ಲಿನ ಸೆಟ್ಟು.
ಇದು ಹಂಗಲ್ಲ. ಎಳದಷ್ಟೂ ಬಂತು,
ಹೆರಳಿನಂಗ, ಬಾವಿ ಹಗ್ಗದಂಗ.
ಟೇಪ್ ಹಿಡಿದೆ. ಹನ್ನೊಂದು ಫೂಟು ನಾಕಿಂಚು.
ಒಂದು ಮಹಡಿ ಇಳಿದು
ಮತ್ತೊಂದಕ್ಕ ಮಾರಿ ಮಾಡಿತ್ತು.

ಮಲ್ಕಮ್ಮ ಬಂದಳು. ಚಿತ್ತಾಪುರ ಕಡೆಯಾಕಿ,
ತಲಿಗಿ ನೀಲಿ ಟೊಪ್ಪಿಗಿ, ಬಾಯಿಗಿ ಪಟ್ಟಿ.
ಕಟ್ಟಕಡೀ ಕಪಾಟಿನ ಹಿಂದ ಕರಕೊಂಡು ಹೋದಳು,
ಕಳ್ಳ ಮಾಲು ತೋರಸೋರಂಗ.

ತೊಗರಿ.
ಎದಿಮಟ್ಟ ನಿಂತದ. ಏಳು ಹಳದಿ ಹೂ.

"ಕೆಲಸಕ್ಕ ಸೇರಿದ ದಿನ
ಸೆರಗಿನ ತುದಿಗಿ ಒಂದು ಕಾಳಿತ್ತು. ಒಗೀಲಿಕ್ಕ ಮನಸ್ಸಾಗಲಿಲ್ಲ.
ಇಲ್ಲಿ ಹದಿನೆಂಟು ತಾಸು ದೀಪ ಉರೀತಾವ,
ಇದು ಹೂ ಬಿಡಬೇಕಂದ್ರ ಉದ್ದನ ರಾತ್ರಿ ಬೇಕು.
ಡ್ಯೂಟಿ ಮುಗಿಸಿ ಕರೇ ಚೀಲ ಹೊಚ್ಚಿ ಹೋಗ್ತೀನಿ,
ಮುಂಜಾನಿ ಬಂದು ಬೆಳಗು ಮಾಡ್ತೀನಿ."

ನಾ ಸುತ್ತಿ ತಂದ ಬೇರು ಇಸಕೊಂಡಳು.
ಕುಕ್ಕರಗಾಲಿಲೆ ಕುಂತು,
ಬುಡದಿಂದ ತುದಿ ತನಕ ಬೆರಳು ಆಡಿಸಿದಳು,
ಜಪಮಣಿ ಎಣಿಸಿದಂಗ. ಎಣಿಸಲಿಕ್ಕೇನೂ ಸಿಗಲಿಲ್ಲ.

"ಗಂಟಿಲ್ಲ ನೋಡು.
ಹೊಲದ ತೊಗರಿ ಬೇರಿಗಿ ಸಣ್ಣಸಣ್ಣ ಗಂಟಿರ್ತಾವ,
ತಾನೇ ಗಳಿಸಿದ್ದು. ಹೋಗಾಗ ಮಣ್ಣಿಗಿ ಬಿಟ್ಟು ಹೋಗ್ತದ,
ಮುಂದಿನ ಜ್ವಾಳಕ್ಕ ಆಗ್ತದ.
ಇದಕ್ಕ ಎಲ್ಲ ನೀರಿನಾಗ ಪುಕಟ.
ಗಂಟು ಯಾಕ ಕಟ್ಟೀತು, ಯಾರಿಗಂತ ಬಿಟ್ಟೀತು?"

ಮಷಿನು ಗುಂಯ್‌ಗುಡತಿತ್ತು.
ನನ್ನ ಜೇಬಿನ ಪಗಾರ ಇಲ್ಲದ ತಿಂಗಳುಗಳು ನೆನಪಾದವು,
ಯಾಕಂತ ಗೊತ್ತಿಲ್ಲ.

"ಒಂದು ಗೇಣು ಬಿಟ್ಟು ಕಡಿ" ಅಂದಳು.
ಕಡಿದೆ. ಬಾಯಿ ಕಟ್ಟಿ ಹೊಸ ಪೈಪು ಜೋಡಿಸಿದೆ.

ಬಿಲ್ಲಿನಾಗ 'ಕಾರಣ' ಅಂತ ಒಂದು ಖಾನೆ.
'ಕಸ' ಅಂತ ಬರೆದು, ಹೊಡೆದು ಹಾಕಿದೆ.
'ಕೆಳಗ ಹೋಗಬೇಕಿತ್ತು ಅದಕ್ಕ'
ಅಂತ ಬರೀಲಿಕ್ಕ ಖಾನೆ ಸಾಲಲಿಲ್ಲ.
ಖಾಲಿ ಬಿಟ್ಟೆ. ಆರುನೂರ ಐವತ್ತು ರೂಪಾಯಿ.

ಬಾಗಲಿಗಿ ಬಂದು ಚಪ್ಪಲಿ ಮೆಟ್ಟಿದೆ.
ಎರಡೂ ಹಗುರ.
ಹಿಮ್ಮಡದ ಎರಿ ಮಣ್ಣೆಲ್ಲ ಯಾರೋ
ಚಮಚದಾಗ ಕೆರಕೊಂಡಿದ್ದರು.