ಬಿಸಿಲಿನ ಹೆಸರಿಗೆ ಅರ್ಧ ಕಿಲೋ

ಕಪನೂರಿನ ದಾಲ್‌ಮಿಲ್ಲಿನಾಗ ಮೂವತ್ತೊಂದು ವರ್ಷ
ಕಿರ್ದಿ ಬರದೀನಿ.
ನೂರು ಕಿಲೋ ತೊಗರಿ ಒಳಗ ಬಂತಂದ್ರ
ಎಪ್ಪತ್ತೆರಡು ಬ್ಯಾಳಿ.
ಐದು ನುಚ್ಚು, ಸ್ಟೇಷನ್ ರೋಡಿನ ಖಾನಾವಳಿ ತಿಪ್ಪವ್ವಗ.
ಹತ್ತು ಚುನ್ನಿ, ಎಮ್ಮಿ ಕಟ್ಟಿದ ಗೌಳ್ಯಾರಿಗೆ.
ಹನ್ನೊಂದು ಹೊಟ್ಟು, ಇಟ್ಟಂಗಿ ಭಟ್ಟಿಗೆ.
ಒಂದೂವರಿ ಮಣ್ಣು, ಕಡ್ಡಿ, ಹುಳ ತಿಂದ ಕಾಳು;
ಕಾಳು ಜರಡಿ ಹಿಡದು ಒಯ್ತಿದ್ದ
ದರ್ಗಾದ ಮುಂದ ಪಾರಿವಾಳದ ಕಾಳು ಮಾರೋ ಮುದುಕ,
ಮಣ್ಣು ಲಾರಿ ನಿಂತು ಬಿದ್ದ ತೆಗ್ಗಿಗೆ.
ಕೂಡಿಸಿದ್ರ ತೊಂಬತ್ತೊಂಬತ್ತೂವರಿ.

ಅರ್ಧ ಕಿಲೋ ಎಲ್ಲಿ?
ಹೊಸದರಾಗ ರಾತ್ರಿಯೆಲ್ಲ ಕೂಡಿಸಿದೆ, ಕಳದೆ.
ದೊಡ್ಡ ಸಾವ್ಕಾರ್ರು ಅಂಗಳ ತೋರಿಸಿದ್ರು,
ಎಣ್ಣಿ ಹಚ್ಚಿ ಒಣ ಹಾಕಿದ ತೊಗರಿ:
"ಬಿಸಿಲು ಒಯ್ದಾದ. ಅದರ ಹೆಸರಿಗೇ ಬರಿ."
ಬರದೆ.
ಕಲಬುರ್ಗಿ ಬಿಸಿಲು ರಸೀದಿ ಕೊಡಲ್ಲ,
ತಕರಾರೂ ಮಾಡಲ್ಲ.

ಕಸ ಅನ್ನೋ ಖಾತೆ ಆ ಕಿರ್ದಿಯೊಳಗ ಇರಲಿಲ್ಲ.
ಒಯ್ಯಾವರ ಹೆಸರು ಇದ್ದದ್ದು
ಕಸ ಹೆಂಗಾಗ್ತದ?

ಗುದಾಮಿನ ನೆರಳಿಗೆ ಹಾಜರಾಬಿ ಕೂಡ್ತಿದ್ದಳು
ಕಾಲ ಹೆಬ್ಬೆರಳಿಗೆ ಸುತಳಿ ಬಿಗದು
ಡಬ್ಬಣ ಹಲ್ಲಿನಾಗ ಹಿಡದು.
ಅಕ್ಷರ ಬಾರದಾಕಿ ಚೀಲ ಓದ್ತಿದ್ದಳು,
ಮಾರ್ಕಾದ ಮ್ಯಾಲ ಮಾರ್ಕಾ:
"ಇದು ಲಾತೂರಿಗೆ ಹೋಗಿ ಬಂದಾದ. ಇದು ಅಕೋಲಾ.
ಇದು ಸಕ್ಕರಿ ಹೊತ್ತಾದ, ಸುಳ್ಳಂದ್ರ ಇರುವಿಗಿ ಕೇಳ್ರಿ."
ಒಂಬತ್ತು ಸಲ ಹೊಲದ ಚೀಲ
ಹತ್ತನೇ ಸಲಕ್ಕ ಬ್ಯಾರೆ ಚೀಲದ ತೇಪಿ.
ತೇಪಿನೂ ಹರೀತಂದ್ರ
ನಮ್ಮ ನೀರಿನ ಗಡಿಗಿಗಿ ಹಸಿ ತಟ್ಟು.
ಏಪ್ರಿಲ್ ತಿಂಗಳು ಆ ನೀರು ಕುಡದವರಿಗೇ ಗೊತ್ತು
ಚೀಲದ ಕಡೀ ನೌಕರಿ ಎಂಥದ್ದಂತ.
ಹೊಲಿಗಿಗಿ ಚೀಲಕ್ಕ ಒಂದೂವರಿ ರೂಪಾಯಿ.

ಆಮ್ಯಾಲ ಸಣ್ಣ ಸಾವ್ಕಾರ ಗಾದಿಗಿ ಬಂದ.
ಕೆಟ್ಟಾವ ಅಲ್ಲ. ಲೆಕ್ಕದಾವ.
ಬಿಳೀ ಪ್ಲಾಸ್ಟಿಕ್ ಚೀಲ ಲಾರಿಗಟ್ಟಲೆ ಇಳಿಸಿ
"ಹೊಲಿಗಿ ಖರ್ಚು ಉಳೀತು ನೋಡ್ರಿ, ಕಾಶಪ್ಪನೋರ" ಅಂದ.
ಉಳೀತು, ಖರೇ. ಆ ಸಾಲಿಗಿ ಸೊನ್ನಿ ಬರದಾವ ನಾನೇ.
ಹಾಜರಾಬಿ ಡಬ್ಬಣ ಸೆರಗಿಗಿ ಚುಚ್ಚಿಕೊಂಡು ಹೋದಳು,
ಸುತಳಿ ಉಂಡಿ ಮಾತ್ರ ನನ್ನ ಮೇಜಿನ ಮ್ಯಾಲ ಬಿಟ್ಟು.

ಹಮಾಲರ ಕೊಂಡಿ ಒಂದು ಸಲ ತಾಗಿದ್ರ ಸಾಕು
ಬಿಳೀ ಚೀಲ ಎಳಿ ಎಳಿ ಬಿಚ್ಚತದ,
ಹೊಲೀಲಾಕ ಬರಲ್ಲ.
ಮಣ್ಣು ಮೆತ್ತಿದ್ದು ಗುಜರಿಯಾವನೂ ಮುಟ್ಟಲ್ಲ.
ಹಿಂದಿನ ನಾಲಾದ ಜಾಲಿಗಿಡಕ್ಕೆಲ್ಲ
ಬ್ಯಾಸಗಿಯಾಗೂ ಬಿಳೀ ಹೂವು.
ಸಪ್ಟೆಂಬರ್ ಮಳಿಗಿ ನಾಲಾ ಕಟ್ಟಿತು.
ಬೆಳಗಾ ಗುದಾಮಿನ ಕೀಲಿ ತಗದ್ರ ಮೊಣಕಾಲುದ್ದ ನೀರು,
ನಲವತ್ತು ಕ್ವಿಂಟಲ್ ತೊಗರಿ
ಮೂರು ದಿನಕ್ಕ ಮೊಳಕಿ ಒಡದು
ಹೊಲದಾಗ ಇದ್ದಂಗ ಖುಷಿಯಾಗಿತ್ತು.

ದೀಪಾವಳಿ ಪಾಡ್ಯಕ್ಕ ಹೊಸ ಕಿರ್ದಿ.
ಅರಿಶಿಣ ಕುಂಕುಮ ಹಚ್ಚಿ ಮುಂದ ಇಟ್ಟು
"ಕಸ ಅಂತ ಒಂದು ಖಾತೆ ತೆರೀರಿ" ಅಂದ.
ಬರದೆ:
ಟ್ರಾಕ್ಟರ್ ಬಾಡಿಗಿ. ಮಹಾನಗರಪಾಲಿಕೆ ದಂಡ.
ಹರಕ ಚೀಲ, ಮೂರು ಸಾವಿರದ ಹನ್ನೆರಡು.
ಒಯ್ದವರ ಹೆಸರು
ಅನ್ನೋ ಕಡಿ ಪೆನ್ನು ನಿಂತಿತು.
ತಿಪ್ಪವ್ವ ಒಯ್ಯಲಿಲ್ಲ, ಭಟ್ಟಿಯಾವ ಒಯ್ಯಲಿಲ್ಲ,
ಬಿಸಿಲೂ ಒಯ್ಯಲಿಲ್ಲ;
ಎಷ್ಟು ಬಿದ್ದರೂ ಅದಕ ಇದು ಬ್ಯಾಡಾಗ್ಯಾದ.
ನಮ್ಮ ಮಿಲ್ಲಿನ ಹೆಸರು ಬರದೆ.

ಸಣ್ಣ ಸಾವ್ಕಾರ ಓದಿದ. ಮತ್ತ ಓದಿದ.
ಚಾದ ಮ್ಯಾಲ ಕೆನಿ ಕಟ್ಟಿತು.
"ಆ ಹೊಲಿಯಾಕಿ ಮನಿ ಎಲ್ಲದ?"

ಬಂದಳು, ನಾಕು ದಿನ ಕಾಯಿಸಿ.
ಅದೇ ನೆರಳಿನಾಗ ಕುಂತು, ಕಾಲು ಚಾಚಿ,
ತಟ್ಟಿನ ಹಳೀ ಚೀಲ ಒಂದು ಮೂಸಿ ನೋಡಿ,
"ಚೀಲಕ್ಕ ನಾಕು ರೂಪಾಯಿ" ಅಂದಳು.
"ಮದಲ ಒಂದೂವರಿ ಇತ್ತಲ್ಲ?"
"ಮದಲ ನನಗ ಎರಡೂ ಕಣ್ಣು ಕಾಣ್ತಿತ್ತು."

ಬರದೆ.