ಹೊರಟ ಜಾಗ

ಮೂರ್ನಾಡು ದಾಟಿ, ಬೇತ್ರಿ ಸೇತುವೆಗೆ ಮುಂಚಿನ ತಿರುವಿನಲ್ಲಿ
ಕೆಸರುನೀರು ತುಂಬಿಕೊಂಡು
ತಾನೂ ರಸ್ತೆಯೇ ಎಂಬಂತೆ ಮಲಗಿತ್ತು ಗುಂಡಿ.
ನಾನು ಹೊರಟಿದ್ದು ವಿರಾಜಪೇಟೆಗೆ, ಕಣ್ಣು ತೋರಿಸಲು.
ನಗಬೇಡಿ.

ಧಡ್ ಎಂದಿತು. ಹಲ್ಲಿಗೆ ಹಲ್ಲು ತಾಗಿತು.
ಡ್ಯಾಶ್‌ಬೋರ್ಡಿನ ಡಬ್ಬಿ ಬಾಯ್ತೆರೆದು
ಹಳೇ ರಸೀದಿ, ಒಣಗಿದ ಕಿತ್ತಳೆ ಸಿಪ್ಪೆ, ಯಾವ ಬೀಗದ್ದೋ ಕೀ
ಪಕ್ಕದ ಸೀಟಿನ ಕಾಲಡಿಗೆ ಸುರಿಯಿತು.
ಗಾಡಿ ಮಾತ್ರ ಮುಂದೆ ಹೋಯಿತು,
ಬಿದ್ದೆದ್ದ ಮಗು ಯಾರೂ ನೋಡಲಿಲ್ಲವೆಂದು
ಅಳದೆ ನಡೆಯುವ ಹಾಗೆ.

ಎರಡು ಕಿಲೋಮೀಟರ್. ಮೊದಲು ಬಂದದ್ದು ವಾಸನೆ:
ಬೆಲ್ಲದ ಪಾಕ ತಳಹಿಡಿದಂಥ, ನಾಲಗೆಗೆ ಬೇಡದ ಸಿಹಿ.
ಆಮೇಲೆ ಮುಳ್ಳು. ಸದಾ ನಡುವಲ್ಲೇ ನಿಲ್ಲುವ ಆ ಸಂಭಾವಿತ ಮುಳ್ಳು
ಕೆಂಪಿನ ಕಡೆಗೆ ಕತ್ತು ಚಾಚಿತು.
ಬಾನೆಟ್ಟಿನ ಸಂದಿಯಲ್ಲಿ ಹಬೆ.

ಬೇಲಿ ಪಕ್ಕ ನಿಲ್ಲಿಸಿ ಗಂಡನಿಗೆ ಫೋನ್ ಮಾಡಿದೆ.
"ಗಾಡಿಗೆ ಏನಾಯ್ತು?" ಎಂದರು.
ನನಗೇನಾಯ್ತೆಂಬುದು ಎರಡನೆಯ ಪ್ರಶ್ನೆಯೂ ಆಗಿರಲಿಲ್ಲ.
ಎರಡನೆಯದು: "ಕಣ್ಣೆಲ್ಲಿತ್ತು?"
ಅವರ ಹೆಸರು ಬಿದ್ದಪ್ಪ.
ಗುಂಡಿಗೆ ಬಿದ್ದವಳು ನಾನು.

ಬಸ್ಸಿಗೆ ಕಾಯುತ್ತಿದ್ದ ಅಜ್ಜ ಒಬ್ಬರು ಬಂದು ಬಗ್ಗಿ ನೋಡಿ
"ಒಂದು ಹಿಡಿ ಕರಿಮೆಣಸು ಕುಟ್ಟಿ ಹಾಕಿ, ತೂತು ತಾನೇ ಮುಚ್ಚುತ್ತೆ" ಎಂದರು.
ನೆಗಡಿಗೂ ಅದೇ, ರೇಡಿಯೇಟರಿಗೂ ಅದೇ.
ಈಗಿನ ರೇಟಿಗೆ ಹೊಸ ರೇಡಿಯೇಟರೇ ಅಗ್ಗ ಅಲ್ಲವಾ ಎಂದೆ.
ಅದೂ ಹೌದು ಎನ್ನುತ್ತ ಬಸ್ ಹತ್ತಿದರು.

ಸ್ಕೂಟರಿನಲ್ಲಿ ಹಂಸ ಬಂದ, ಮೂರ್ನಾಡಿನ ಮೆಕ್ಯಾನಿಕ್ಕು.
ಅಪ್ಪ ಇಟ್ಟದ್ದು ಹಂಝಾ,
ಶಾಲೆಯ ರಿಜಿಸ್ಟರಿನಲ್ಲಿ ಮಾಸ್ತರರು ಬರೆದದ್ದು ಹಂಸ.
ಮುಚ್ಚಳಕ್ಕೆ ಕೈಹಾಕಿದ ನನ್ನನ್ನು ಗದರಿದ:
"ಬಿಸಿಯಲ್ಲಿ ತೆಗೆದರೆ ಮುಖ ಬೇಯುತ್ತೆ, ಅಕ್ಕಾ."
ಅರ್ಧ ಗಂಟೆ ಮೋರಿಕಟ್ಟೆಯ ಮೇಲೆ ಸುಮ್ಮನೆ ಕೂತ.
ಅದೂ ಕೂಲಿಯ ಲೆಕ್ಕದಲ್ಲೇ ಇತ್ತೆಂದು ಆಮೇಲೆ ತಿಳಿಯಿತು.

ಬಿಸ್ಕತ್ತಿನ ರಟ್ಟು ಬಿಡಿಸಿ ಗಾಡಿಯಡಿ ಹಾಸಿದ.
ಎರಡು ಕಡೆ ಹನಿ.
ಎಡದ್ದನ್ನು ಬೆರಳಲ್ಲಿ ಮುಟ್ಟಿ, "ಬರೀ ನೀರು, ಏಸಿಯದ್ದು" ಎಂದ
(ಗಾಜಿನ ಮಬ್ಬು ಹೋಗಲೆಂದು ಹಾಕಿದ್ದೆ).
ಬಲದ್ದು ಹಸಿರು, ಜಿಡ್ಡು.
ನೀರಿನಿಂದ ನೀರನ್ನು ಬೇರ್ಪಡಿಸಿದ.
ಮಾಸ್ತರರು ಅಷ್ಟೇನೂ ತಪ್ಪು ಬರೆದಿರಲಿಲ್ಲ.

ನಾನು ರಟ್ಟನ್ನೇ ನೋಡುತ್ತಿದ್ದೆ.
"ಬಿದ್ದ ಜಾಗ ನೋಡಬೇಡಿ. ಹೊರಟ ಜಾಗ ಹುಡುಕಬೇಕು."
ಹನಿ ಇಳಿದ ದಾರಿಯಲ್ಲೇ ಅವನ ಟಾರ್ಚು ಹಿಂದಕ್ಕೆ ಹತ್ತಿತು:
ಅಡಿಯ ತಗಡು, ಅಡ್ಡಪಟ್ಟಿ, ಫ್ಯಾನಿನ ಅಂಚು,
ಕೆಳಗಿನ ಹೋಸ್ ಪೈಪಿನ ಕುತ್ತಿಗೆ.
ಅಲ್ಲಿ ನಿಂತಿತು.

ಪೈಪಿನ ಸುತ್ತ ಬಿಳಿಹಸಿರು ಹೆಕ್ಕಳ,
ಕಲೆಯ ಮೇಲೆ ಕಲೆ ಒಣಗಿ.
"ಇದು ಇವತ್ತಿನದ್ದಲ್ಲ ಅಕ್ಕಾ. ಮಳೆಗಾಲಕ್ಕೂ ಮೊದಲಿನದ್ದು."
ಕ್ಲಿಪ್ ಇರಬೇಕಾದಲ್ಲಿ ತಂತಿ.
ಬೇಲಿಯ ತಂತಿ, ಮೂರು ಸುತ್ತು, ಕೊನೆಗೆ ಎಡಕ್ಕೆ ತಿರುಚಿದ ಗಂಟು,
ಈಗ ಬಿಚ್ಚಿಕೊಂಡು ನೇತಾಡುತ್ತಿದೆ.
ಆ ತಿರುಚು ನನಗೆ ಗೊತ್ತು.
ನಮ್ಮ ಗೇಟಿಗೆ, ನಾಯಿಗೂಡಿಗೆ, ಮಿಕ್ಸಿ ಜಾರಿನ ಹಿಡಿಗೆ
ಅದೇ ಗಂಟು, ಇಪ್ಪತ್ತೆರಡು ವರ್ಷಗಳಿಂದ.
ನೋಡಲು ಕನ್ನಡಕ ಬೇಕಾಗಲಿಲ್ಲ.

ಹೊಸ ಕ್ಲಿಪ್ಪು. ಮೂರು ಲೀಟರ್ ಹಸಿರು.
ಒಳಗಿನ ಗಾಳಿ ಹೋಗುವ ತನಕ ಬುಡುಬುಡು.
ಕೊನೆಗೆ ಹಂಸ ಚೀಟಿ ಹಿಡಿದು ಕೇಳಿದ,
"ಕಾರಣ ಏನಂತ ಬರೀಲಿ? ಗುಂಡಿ ಅಂತಲಾ, ತಂತಿ ಅಂತಲಾ?"
"ಎರಡೂ ಬರಿ" ಎಂದೆ.
"ತಂತಿ ಮೊದಲು."

ಕಣ್ಣಿನ ಡಾಕ್ಟರರು ಅಷ್ಟು ಹೊತ್ತಿಗೆ ಎದ್ದು ಹೋಗಿದ್ದರು.
ತಿರುಗಿ ಬರುವಾಗ ಅದೇ ತಿರುವು.
ಗುಂಡಿಯ ನಡುವೆ ಯಾರೋ ಪುಣ್ಯಾತ್ಮರು
ಹಾಲುವಾಣದ ಕೊಂಬೆಯೊಂದನ್ನು ನೆಟ್ಟು ಹೋಗಿದ್ದಾರೆ.
ಚುಚ್ಚಿದಲ್ಲೆಲ್ಲ ಬೇರು ಬಿಡುವ ಮರ ಅದು.
ಟಾರು ಬರುವಷ್ಟರಲ್ಲಿ
ಮೆಣಸಿನ ಬಳ್ಳಿ ಹಬ್ಬಿಸಬಹುದು.